ಆರು ನಾಜಲ್ಲಿನ ಆಷಾಢ

ಮೊನ್ನೆ ಒಂದು ಹಳೇ ಬಿತ್ತನೆ ಕೂರಿಗೆ ನೋಡಲು ಮಿರ್ಲೆಗೆ ಹೋಗಿದ್ದೆ. ಹಳೇ ಬೇಸಾಯದ ಸಾಮಾನು ಕೊಂಡು, ರಿಪೇರಿ ಮಾಡಿಸಿ, ಬೇಕಾದವರಿಗೆ ದಾಟಿಸುವುದು ನನ್ನ ಕಸುಬು. ಪಿರಿಯಾಪಟ್ಟಣದ ಹತ್ತಿರ ನಾಲ್ಕು ಎಕರೆ ಹೊಲವೂ ಇದೆ. ಮಾರುವವರ ಕೊಟ್ಟಿಗೆಯಲ್ಲಿ ಕೂರಿಗೆಯ ಪಕ್ಕದಲ್ಲೇ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುವ ಔಷಧಿ ಗಾಡಿಯೊಂದು ನಿಂತಿತ್ತು. ಕಂಪನಿಯ ಮಾಲು, ಬಣ್ಣ ಕೂಡ ಮಾಸಿರಲಿಲ್ಲ. ಸುಮ್ಮನೆ ಕುತೂಹಲಕ್ಕೆ ಅದರ ಡ್ರಮ್ಮಿನ ಮುಚ್ಚಳ ತಿರುಗಿಸಿದೆ. ಒಳಗಿಂದ ಕಳೆ ಔಷಧಿಯ ವಾಸನೆ ಎದ್ದು ಬಂತು. ಫಿನಾಯಿಲಿಗೆ ಸೀಮೆಎಣ್ಣೆ ಬೆರೆಸಿದ ಹಾಗೆ, ಮೂಗಿನೊಳಗೆ ಹೋದರೆ ಸಂಜೆಯವರೆಗೂ ಅಲ್ಲೇ ಕೂತಿರುವ ವಾಸನೆ.

ಮಾರುವವರು ಕೂರಿಗೆಯ ಬೆಲೆ ಹೇಳಿದರು. ನಾನು ಮುಚ್ಚಳ ಹಿಡಿದುಕೊಂಡು ಹಾಗೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವರೇ ಬೆಲೆ ಇಳಿಸಿದರು. ಆಗಲೂ ನಾನು ಮಾತಾಡಲಿಲ್ಲ. ಇನ್ನೂ ಇಳಿಸಿದರು. ಹಳೇ ಸಾಮಾನು ಕೊಳ್ಳುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ: ಬೆಲೆ ಕೇಳಿದ ಮೇಲೆ ಬಾಯಿ ಬಿಡಬೇಡಿ, ಸುಮ್ಮನೆ ಸಾಮಾನನ್ನೇ ನೋಡುತ್ತಾ ನಿಲ್ಲಿ, ಎದುರಿನವರಿಗೆ ತಡೆಯಲು ಆಗುವುದಿಲ್ಲ. ಆದರೆ ಅವತ್ತು ನಾನು ಚೌಕಾಸಿಗೆ ಸುಮ್ಮನಿದ್ದವನಲ್ಲ. ಆ ವಾಸನೆ ನನ್ನನ್ನು ಏಳು ವರ್ಷದ ಹಿಂದಿನ ಆಷಾಢಕ್ಕೆ, ನಮ್ಮ ಹೊಲದ ಪೂರ್ವದ ಬದುವಿಗೆ ಕರೆದುಕೊಂಡು ಹೋಗಿ ನಿಲ್ಲಿಸಿಬಿಟ್ಟಿತ್ತು.

ಆ ವರ್ಷ ರೋಹಿಣಿ ಮಳೆ ಹದವಾಗಿ ಬಿದ್ದಿತ್ತು. ಮುಸುಕಿನ ಜೋಳ ಬಿತ್ತಿದ ವಾರಕ್ಕೆ ಸಾಲು ಕಂಡಿತು. ಮತ್ತೊಂದು ವಾರ ಕಳೆಯುವುದರೊಳಗೆ ಸಾಲು ಮುಚ್ಚಿಹೋಯಿತು. ಅಣ್ಣೆಸೊಪ್ಪು, ಕೀರೆ, ಕಾಂಗ್ರೆಸ್ ಗಿಡ ಎಲ್ಲ ನನ್ನ ಗೊಬ್ಬರ ತಿಂದು ನನ್ನ ಜೋಳಕ್ಕಿಂತ ಮುಂದೆ ಓಡುತ್ತಿದ್ದವು. ಬೇರೆ ವರ್ಷವಾಗಿದ್ದರೆ ನಾನು ಬದುವಿಗೆ ಹೋಗಿ, ಆಚೆ ಹೊಲದ ಜವರಕ್ಕನನ್ನು ಕೂಗಿ, "ಅಕ್ಕಾ, ಕಳೆಗೆ ಯಾವತ್ತು ಬತ್ತೀರಿ?" ಎಂದಿದ್ದರೆ ಮುಗಿಯುತ್ತಿತ್ತು.

ಜವರಕ್ಕ ಹೊಗೆಸೊಪ್ಪು ಬೆಳೆಯುವವಳು. ಗಂಡ ಇದ್ದಾಗಲೂ ಹೊಲದ ಯಜಮಾನಿಕೆ ಅವಳದೇ, ಅವನು ಹೋದ ಮೇಲೂ ಅವಳದೇ. ಅವಳ ಮನೆಗೂ ನಮ್ಮ ಮನೆಗೂ ನಮ್ಮಪ್ಪನ ಕಾಲದಿಂದ ಮುಯ್ಯಾಳಿನ ನಂಟು. ಮುಯ್ಯಾಳೆಂದರೆ, ಇವತ್ತು ನಿಮ್ಮ ಮನೆಯವರು ನಮ್ಮ ಹೊಲಕ್ಕೆ ಬಂದರೆ ನಾಳೆ ನಮ್ಮ ಮನೆಯವರು ನಿಮ್ಮ ಹೊಲಕ್ಕೆ. ಕೂಲಿಯ ಮಾತಿಲ್ಲ, ಮಧ್ಯಾಹ್ನದ ಮುದ್ದೆ ಹೊಲದವರದು. ಆಷಾಢದಲ್ಲಿ ಅವಳು, ಅವಳ ಮಗ, ಸೊಸೆ ಬಂದು ನಮ್ಮ ಜೋಳದ ಕಳೆ ಕೀಳುವರು. ಶ್ರಾವಣದಲ್ಲಿ ಅವಳ ಸೊಪ್ಪು ಮುರಿಯಲು ಶುರುವಾದಾಗ ನಾನೂ ನನ್ನ ಹೆಂಡತಿ ರತ್ನಳೂ ಅವಳ ಬ್ಯಾರನ್, ಅಂದರೆ ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಮನೆಯ ಮುಂದೆ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟಿಕೊಡುವೆವು.

ಆದರೆ ಆ ವರ್ಷ ನನ್ನ ಹತ್ತಿರ ಒಂದು ಪುಟ್ಟ ಟ್ರ್ಯಾಕ್ಟರು ಇತ್ತು. ಕೊಪ್ಪದ ಕಡೆ ತೋಟದವರೊಬ್ಬರು ದೊಡ್ಡದು ತಂದರೆಂದು ಚಿಕ್ಕದನ್ನು ಮಾರಲು ಇಟ್ಟಿದ್ದರು. ಮೂರು ಸಲ ಹೋಗಿ, ಮೂರು ಸಲವೂ ಬೇಡ ಎಂದು ತಿರುಗಿ ಬಂದು, ನಾಲ್ಕನೇ ಸಲಕ್ಕೆ ತಂದಿದ್ದೆ. ಬಿತ್ತುವಾಗಲೇ ಎಂಟೆಂಟು ಸಾಲಿಗೆ ಒಂದು ಗಾಡಿದಾರಿ ಬಿಟ್ಟಿದ್ದೆ. ತಲೆಯಲ್ಲಿ ಲೆಕ್ಕಾಚಾರ ಆಗಲೇ ಇತ್ತು: ಟ್ರ್ಯಾಕ್ಟರಿನ ಹಿಂದೆ ಔಷಧಿ ಗಾಡಿ, ದಾರಿಯಲ್ಲಿ ಒಂದು ಸಲ ಹೋದರೆ ಎಂಟು ಸಾಲು ಖಾಲಿ. ಅಂಗಡಿಯಲ್ಲಿ ಹೊಸದರ ಬೆಲೆ ಕೇಳಿ ನಗು ಬಂತು. ಒಂದು ಡ್ರಮ್ಮು, ಎರಡು ಚಕ್ರ, ಒಂದು ಪೈಪು. ಇದನ್ನು ಮಾಡಲು ಕಂಪನಿಯವರೇ ಬೇಕೇ?

ಡ್ರಮ್ಮು ಹುಣಸೂರಿನ ಗುಜರಿಯಲ್ಲಿ ಸಿಕ್ಕಿತು. ಯಾವುದೋ ಬೇಕರಿಗೆ ಸಕ್ಕರೆ ಪಾಕ ತುಂಬಿಕೊಂಡು ಬಂದಿದ್ದ ನೀಲಿ ಡ್ರಮ್ಮು. ನೀವೂ ಕೊಳ್ಳುವುದಾದರೆ ತಲೆಯನ್ನು ಒಳಗೆ ಹಾಕಿ ಮೂಸಿ ನೋಡಿ ಕೊಳ್ಳಿ. ಎಣ್ಣೆಯದಾದರೆ ಬೇಡ, ಎಷ್ಟು ತೊಳೆದರೂ ಜಿಡ್ಡು ಬಿಡದು. ಚಕ್ರ ಮತ್ತು ಅಚ್ಚು ಕೆಟ್ಟು ನಿಂತ ಲಗೇಜು ಆಟೋದ ಹಿಂಭಾಗದ್ದು. ಟ್ರ್ಯಾಕ್ಟರಿನ ಬ್ಯಾಟರಿಯಿಂದಲೇ ಓಡುವ ಸಣ್ಣ ಪಂಪೊಂದನ್ನು ಮಾತ್ರ ಹೊಸದಾಗಿ ತಂದೆ. ಪಂಪು, ವಾಲ್ವು, ಹೆಂಡತಿಗೆ ಕೊಡುವ ಸೀರೆ, ಈ ಮೂರನ್ನು ಹಳೇದು ಕೊಳ್ಳಬಾರದು.

ಕಟ್ಟಿದವರು ವೀರಭದ್ರಾಚಾರ್ರು. ಹುಣಸೂರಿನ ರಸ್ತೆಬದಿಯ ವೆಲ್ಡಿಂಗ್ ಶಾಪು ಅವರದು. ಅವರ ತಂದೆ ಎತ್ತಿನಗಾಡಿಯ ಚಕ್ರ ಕಟ್ಟಿದವರು. ಕಾಗದದ ಮೇಲೆ ನಕ್ಷೆ ಬರೆಯುವ ಅಭ್ಯಾಸ ಆಚಾರ್ರಿಗಿರಲಿಲ್ಲ. ಶಾಪಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಗಾಡಿಯನ್ನು ಅದರ ಅಳತೆಗೇ ಬರೆದುಬಿಡುವರು. ಆಮೇಲೆ ನಾವಿಬ್ಬರೂ ಆ ಗಾಡಿಯ ಸುತ್ತ, ಕೆಲವು ಸಲ ಅದರ ಒಳಗೇ ನಿಂತು ಜಗಳ ಆಡುವುದು. ಹತ್ತು ದಿನ ಹೀಗೆ ನಡೆಯಿತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ವೆಲ್ಡಿಂಗಿನ ನೀಲಿ ಬೆಳಕು, ಎದುರಿನ ಹೋಟೆಲಿನಿಂದ ಅರ್ಧರ್ಧ ಗ್ಲಾಸು ಟೀ. ಈಗಲೂ ಕಬ್ಬಿಣ ಕಾದ ವಾಸನೆ ಬಂದರೆ ನನಗೆ ಟೀ ಬೇಕು ಅನ್ನಿಸುತ್ತದೆ.

ಔಷಧಿ ಚಿಮ್ಮುವ ಅಡ್ಡಪೈಪಿನ ಸರದಿ ಬಂದ ದಿನ ಆಚಾರ್ರು ನೆಲದ ಮೇಲೆ ಹದಿನಾರು ಅಡಿ ಉದ್ದಕ್ಕೆ ಗೆರೆ ಎಳೆದು, ಅದರ ಮೇಲೆ ಹನಿ ಚಿಮ್ಮುವ ನಾಜಲ್ ಕೂರಿಸಲು ಹತ್ತು ಅಡ್ಡಗೆರೆ ಹಾಕಿದರು.

"ಹತ್ತು ಯಾಕೆ ಆಚಾರ್ರೇ? ಆರು ಸಾಕು," ಎಂದೆ.

"ಆರಕ್ಕೆ ಮಧ್ಯ ಮಧ್ಯ ಕಳೆ ಉಳ್ಕೊತದೆ ಕಣಪ್ಪ."

"ಪೈಪ್ನ ಸ್ವಲ್ಪ ಎತ್ತಿ ಕಟ್ಟಿ. ಎತ್ತರದಿಂದ ಬಿದ್ರೆ ಒಂದೊಂದೂ ಅಗಲಕ್ಕೆ ಒಡೀತದೆ. ಪಂಪಿಗೆ ಒಸಿ ಜೋರು ಕೊಟ್ರಾಯ್ತು."

"ಅಗಲಕ್ಕೂ ಒಡೀತದೆ, ಆಕಾಶಕ್ಕೂ ಒಡೀತದೆ. ಜೋರು ಕೊಟ್ರೆ ಅನಿ ಮಂಜಾಯ್ತದೆ. ಆಷಾಡದ್ ಗಾಳಿ ಏನು ನಿಮ್ಮಪ್ಪನ್ ಮನೇದಾ, ನೀ ಯೋಳ್ದಂಗೆ ಕೇಳಕೆ?"

"ಗಾಳಿ ಇಲ್ದಾಗ ಒಡೆದ್ರಾಯ್ತು ಬುಡಿ."

"ನೀ ಗಾಳಿ ಇಲ್ದಾಗ ಒಡೆಯಲ್ಲ ಮಾದೇವಪ್ಪ. ನೀ ಬಿಡುವಾದಾಗ ಒಡೀತೀಯ."

ನಾನು ನಕ್ಕು, ಚಪ್ಪಲಿಯ ತುದಿಯಿಂದ ನಾಲ್ಕು ಗೆರೆಗಳನ್ನು ಒರೆಸಿಬಿಟ್ಟೆ. ಆಚಾರ್ರು ನನ್ನ ಕಾಲನ್ನೇ ನೋಡಿದರು. ಆರು ನಾಜಲ್ಲಿನ ಪೈಪನ್ನು ಸೊಂಟದ ಎತ್ತರಕ್ಕೆ ಕಟ್ಟಿಕೊಟ್ಟರು.

ಗಾಡಿ ಮನೆಗೆ ಬಂದ ದಿನ ಅಂಗಳದಲ್ಲಿ ಬರೀ ನೀರು ತುಂಬಿ ಪರೀಕ್ಷೆ ಮಾಡಿದೆ. ಒಂದೊಂದು ನಾಜಲ್ಲಿನ ಕೆಳಗೂ ಒಂದೊಂದು ಸ್ಟೀಲ್ ಲೋಟ ಇಡಬೇಕು. ಒಂದು ನಿಮಿಷಕ್ಕೆ ಎಲ್ಲದರಲ್ಲೂ ನೀರು ಒಂದೇ ಮಟ್ಟಕ್ಕೆ ಬಂದರೆ ನಾಜಲ್ ಸರಿಯಿದೆ ಎಂದು ಅರ್ಥ. ಇದು ಒಳ್ಳೆಯ ಉಪಾಯ, ನೀವೂ ಮಾಡಿ. ಲೋಟ ಮಾತ್ರ ಕೇಳಿ ತೆಗೆದುಕೊಳ್ಳಿ. ರತ್ನ ಹೊರಗೆ ಬಂದವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಅದು ನಮ್ ಕಾಫಿ ಲೋಟ ಅಲ್ವೇನ್ರೀ?"

"ಬರೀ ನೀರು ಕಣೆ."

"ಇವತ್ತು ನೀರು. ನಾಳಿಕ್ಕೆ? ಆ ಆರೂ ನಿಮ್ ಗಾಡಿಗೇ ಇರ್ಲಿ. ಒಳಕ್ಕೇನಾದ್ರೂ ತಂದ್ರೆ ಮೊದ್ಲು ಅದ್ರಲ್ಲಿ ನಿಮ್ಗೇ ಕಾಫಿ ಕೊಡ್ತೀನಿ."

ಅವತ್ತು ಸಂಜೆ ಬದುವಿನ ಹತ್ತಿರ ಹೋಗಿ ಜವರಕ್ಕನಿಗೆ ಹೇಳಿದೆ, "ಅಕ್ಕಾ, ಈ ಸಲ ಕಳೆಗೆ ನೀವು ಬರೋದು ಬ್ಯಾಡ. ಗಾಡಿ ಮಾಡಿಸಿವ್ನಿ." ಅವಳ ಹೊಗೆಸೊಪ್ಪು ಆಗ ಮಂಡಿ ದಾಟಿ ನಿಂತಿತ್ತು, ಆನೆಕಿವಿಯ ಹಾಗೆ ಅಗಲ ಎಲೆ.

"ಅಂಗಾದ್ರೆ ರತ್ನ ಸೊಪ್ ಕಟ್ಟಕೆ ಬರಲ್ವಾ?" ಎಂದಳು.

"ಯಾಕ್ ಬರಲ್ಲ, ಬತ್ತಾಳೆ ಬುಡು."

"ಮುಯ್ಯಿ ಇಲ್ದೆ ಎಂಗ್ಲಾ ಬತ್ತಾಳೆ? ಬಿಟ್ಟಿ ದುಡುಸ್ಕೊಳ್ಳೋಳಲ್ಲ ನಾನು," ಎಂದು ಸೆರಗು ಕೊಡವಿ ಹೋದಳು. ಮುಯ್ಯಿ ಬೇಡ ಎಂದರೆ ಎರಡು ಕಡೆಗೂ ಬೇಡ ಎಂದಾಗುತ್ತದೆ, ನನ್ನ ಗಾಡಿ ಅವಳ ಬ್ಯಾರನ್ನಿಂದ ನಾಲ್ಕು ಕೈ ಕಿತ್ತುಕೊಂಡಿತು ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ನನ್ನ ತಲೆ ತುಂಬ ಗಾಡಿಯೇ ಇತ್ತು.

ಮೊದಲ ದಿನ ಬೆಳಗ್ಗೆ ಎಲೆ ಅಲುಗುತ್ತಿರಲಿಲ್ಲ. ಅಗಲ ಎಲೆಯ ಕಳೆಯನ್ನು ಕೊಂದು ಜೋಳವನ್ನು ಬಿಡುವ ಔಷಧಿ, ಟೂ ಫೋರ್ ಡಿ ಎಂದು ಕೇಳಿದರೆ ಕೊಡುತ್ತಾರೆ. ಡ್ರಮ್ಮಿಗೆ ಸೀರೆಯ ಬಟ್ಟೆ ಕಟ್ಟಿ ಶೋಧಿಸಿ ತುಂಬಿದೆ. ಟ್ರ್ಯಾಕ್ಟರು ಗುಟುಗುಟು ಎನ್ನುತ್ತಾ ಹೊರಟಾಗ ಹಿಂತಿರುಗಿ ನೋಡಿದರೆ ಆರು ಬೀಸಣಿಗೆ ಬಿಚ್ಚಿಕೊಂಡಂತೆ ನೀರು ಚಿಮ್ಮುತ್ತಿತ್ತು. ಹನ್ನೆರಡು ಆಳು ಮೂರು ದಿನ ಮಾಡುವ ಕೆಲಸ ಹತ್ತು ಗಂಟೆಯೊಳಗೆ ಆಯಿತು. ನಾನು ಕಟ್ಟಿಸಿದ ಸಾಮಾನು ನನ್ನ ಹಿಂದೆಯೇ ನಡೆದು ಬರುತ್ತಿದೆ ಎಂಬ ಆ ಖುಷಿ, ಕೊಂಡ ಯಾವ ಸಾಮಾನೂ ನನಗೆ ಕೊಟ್ಟಿಲ್ಲ.

ಬದುವಿನ ಪಕ್ಕದ ತುಂಡು ಮಾತ್ರ ಉಳಿದಿತ್ತು. ಮರುದಿನ ಬೆಳಗ್ಗೆ ಹೊಡೆಯಬೇಕಿತ್ತು. ಪಿರಿಯಾಪಟ್ಟಣದಲ್ಲಿ ಒಬ್ಬ ಗಿರಾಕಿ ಕಾಯುತ್ತಿದ್ದ, ಹೋಗಿಬಿಟ್ಟೆ. ಬಂದಾಗ ಮಧ್ಯಾಹ್ನ. ಪಡುವಣದಿಂದ ಗಾಳಿ ಎದ್ದಿತ್ತು. ಮೋಡವೂ ಕಟ್ಟಿತ್ತು, ಮಳೆ ಬಂದರೆ ಹೊಲ ಕೆಸರಾಗಿ ವಾರ ಕಾಲಿಡಲಾಗದು. ಒಂದೇ ಸುತ್ತು, ಎಂಟೇ ಸಾಲು. ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಪಂಪು ಹಾಕಿದೆ. ಅರ್ಧ ಹೋದಮೇಲೆ ಹಿಂತಿರುಗಿ ನೋಡಿದೆ. ಹನಿ ನೆಲಕ್ಕೆ ಬೀಳುತ್ತಿರಲಿಲ್ಲ. ಸೌದೆ ಒಲೆಯ ಹೊಗೆಯ ಹಾಗೆ ಎದ್ದು, ಬದು ದಾಟಿ, ಜವರಕ್ಕನ ಸೊಪ್ಪಿನ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಇಲ್ಲಿ ಸುಳ್ಳು ಬರೆಯಬಾರದು: ನೋಡಿದೆ. ನೋಡಿಯೂ ಸುತ್ತು ಮುಗಿಸಿದೆ.

ಐದನೇ ದಿನ ಜವರಕ್ಕ ಒಂದು ಸುಳಿ ಕಿತ್ತುಕೊಂಡು ನಮ್ಮ ಅಂಗಳಕ್ಕೆ ಬಂದಳು. ಆನೆಕಿವಿಯಂಥ ಎಲೆ ಬರಬೇಕಾದ ಕಡೆ ಹಗ್ಗದ ಹಾಗೆ ಹೊಸೆದುಕೊಂಡ ಎಳೆ ಎಲೆಗಳು, ಸೊಟ್ಟ ಬೆರಳುಗಳ ಹಾಗೆ.

"ಊರಿಗೆಲ್ಲ ಯೋಳೋನು ನೀನು. ಇದ್ಯಾವ್ ಕಾಯ್ಲೆ ನೋಡ್ಲಾ ಮಾದೇವ. ಬದಾ ಪಕ್ಕದ್ ಅರ್ಧ ಎಕರೇನೂ ಇಂಗೇ ಆಗದೆ."

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಸುಳಿಯನ್ನು ಕೈಯಲ್ಲಿ ತಿರುಗಿಸಿದೆ, ತಿರುಗಿಸಿದೆ. ಅವಳು ಕಾಯುತ್ತಾ ನಿಂತಿದ್ದಳು. ಸುಮ್ಮನಿದ್ದು ಗೆಲ್ಲುವ ಅಭ್ಯಾಸ ನನಗೆ ಎಷ್ಟು ಮೈಗೂಡಿತ್ತೆಂದರೆ, ಬಾಯಿ ಬಿಟ್ಟಾಗಲೂ ನಿಜ ಹೊರಗೆ ಬರಲಿಲ್ಲ. "ಬಿಳಿ ನೊಣದ್ದು ಕಾಣ್ತದೆ ಅಕ್ಕ. ಬೇವಿನೆಣ್ಣೆ ಒಡಿ," ಎಂದೆ.

ಅವಳು ಹೊಡೆದಳು. ಮೂರು ದಿನ, ಬೆನ್ನಿಗೆ ಡಬ್ಬ ಕಟ್ಟಿಕೊಂಡು, ಒಂದೊಂದು ಗಿಡದ ಎಲೆ ಮಗುಚಿ ಅಡಿಗೂ ಹೊಡೆದಳು. ನಾನು ಬದುವಿನ ಈಚೆ ಜೋಳಕ್ಕೆ ಮಣ್ಣು ಏರಿಸುತ್ತಿದ್ದೆ. ನನ್ನ ಹೊಲದ ಕಳೆ ಒಣಗಿ ನೆಲಕ್ಕೆ ಹತ್ತಿತ್ತು. ಎಂಥ ಚೆಂದದ ಹೊಲ! ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಬಡಿಸುತ್ತಾ ರತ್ನ, "ಅಕ್ಕಂಗೆ ಭುಜ ನೋವಂತೆ," ಎಂದಳು, ಅಷ್ಟೇ.

ಅವಳು ಎಣ್ಣೆ ಹೊಡೆಯಲು ಶುರು ಮಾಡಿದ ನಾಲ್ಕನೇ ದಿನ ಬೆಳಗ್ಗೆ ಹೊಲಕ್ಕೆ ಹೋದರೆ ಜವರಕ್ಕ, ಮಗ, ಸೊಸೆ ಮೂವರೂ ಬದುವಿನ ಪಕ್ಕ ಬಗ್ಗಿದ್ದರು. ಕಳೆ ಕೀಳುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋದರೆ ಬದುವಿನ ಮೇಲೆ ಹೊಗೆಸೊಪ್ಪಿನ ಗಿಡಗಳೇ ಬೇರು ಸಮೇತ ರಾಶಿ ಬಿದ್ದಿದ್ದವು. ಎರಡು ಸಾಲು ಆಗಲೇ ಖಾಲಿ.

"ಏನಕ್ಕಾ ಇದು?"

"ಬಿಳಿ ನೊಣದ್ದಾದ್ರೆ ಅಂಟುರೋಗ, ಕಿತ್ತಾಕಿ, ಇಲ್ದಿದ್ರೆ ಎಲ್ಲಾ ಓಯ್ತದೆ ಅಂದ ಅಂಗ್ಡಿಯೋನು. ಅರ್ಧ ಎಕರೆ ಓದ್ರೂ ಮಿಕ್ಕಿದ್ದು ಉಳೀಲಿ."

ಗಾಳಿಯಲ್ಲಿ ತೇಲಿ ಬಂದ ಔಷಧಿಗೆ ಸಿಕ್ಕಿದ ಗಿಡ ಸಾಯುವುದಿಲ್ಲ. ತಿಂಗಳು ಕಾದರೆ ಹೊಸ ಸುಳಿ ನೆಟ್ಟಗೆ ಬರುತ್ತದೆ. ಕಿತ್ತರೆ ಮುಗಿಯಿತು, ಮತ್ತೆ ನೆಡಲು ಯಾವ ಊರಿನಲ್ಲೂ ಸಸಿ ಉಳಿದಿರಲಿಲ್ಲ. ಅವಳ ಕೈ ಮೂರನೇ ಸಾಲಿನ ಮೊದಲ ಗಿಡದ ಬುಡ ಹಿಡಿದಿತ್ತು. ನಾನು ಬದು ಹಾರಿ ಆ ಕೈ ಹಿಡಿದುಕೊಂಡೆ.

"ಕೀಳಬ್ಯಾಡ ಅಕ್ಕ. ರೋಗ ಅಲ್ಲ ಇದು. ನನ್ ಗಾಡಿದು. ಗಾಳೀಲಿ ಒಡೆದ್ಬುಟ್ಟೆ."

ಅವಳು ನಿಧಾನಕ್ಕೆ ಸೊಂಟ ನೆಟ್ಟಗೆ ಮಾಡಿದಳು. ಮಗ ಏನೋ ಅನ್ನಲು ಬಂದವನನ್ನು ಕೈ ಎತ್ತಿ ತಡೆದಳು.

"ಯಾವತ್ತು ಗೊತ್ತಾಯ್ತು ನಿಂಗೆ?"

"ಒಡೀವಾಗ್ಲೇ."

"ಮೂರ್ ದಿನ ಬೇವಿನೆಣ್ಣೆ ಒಡೆದೆ ಕಣ್ಲಾ. ನೀ ಅಲ್ಲೇ ನಿಂತಿದ್ದೆ."

ನಷ್ಟ ಕಟ್ಟಿಕೊಡುತ್ತೇನೆ ಎಂದು ಬಾಯಿ ತೆರೆದೆ. ಎಷ್ಟರಿಂದ ಶುರು ಮಾಡಬೇಕು ಎಂದು ತಲೆ ಆಗಲೇ ಯೋಚಿಸುತ್ತಿತ್ತು, ಅದು ಅದರ ಚಾಳಿ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಕುಡುಗೋಲು ಎತ್ತಿಕೊಂಡು ಮನೆ ಕಡೆ ನಡೆದಳು.

ಆಮೇಲೆ ಹದಿನೈದು ದಿನ ಆ ಹೊಲದಿಂದ ಒಂದು ಮಾತಿಲ್ಲ. ಬದುವಿನ ಮೇಲೆ ಎದುರಾದರೆ ಅವಳು ಪಕ್ಕಕ್ಕೆ ಸರಿದು ದಾರಿ ಕೊಡುತ್ತಿದ್ದಳು, ಊರಿಗೆ ಹೊಸಬನಿಗೆ ಕೊಡುವ ಹಾಗೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಗಾಡಿಯನ್ನು ಹುಣಸೂರಿಗೆ ಎಳೆದುಕೊಂಡು ಹೋದೆ. ಆಚಾರ್ರು ಕಥೆ ಕೇಳಿ ಉಪದೇಶ ಮಾಡಲಿಲ್ಲ. ನೆಲದ ಮೇಲೆ ಮತ್ತೆ ಹದಿನಾರು ಅಡಿ ಗೆರೆ ಎಳೆದು, ಹತ್ತು ಅಡ್ಡಗೆರೆ ಹಾಕಿ, "ಈ ಸಲ ಕಾಲ್ ಎತ್ಕೊಂಡ್ ನಿಂತ್ಕೊ," ಎಂದರು. ಪೈಪನ್ನು ಬೇಕಾದಷ್ಟು ತಗ್ಗಿಸಲು ಬರುವಂತೆ ಒಂದು ಕೊಂಡಿಯನ್ನೂ ಇಟ್ಟುಕೊಟ್ಟರು.

ಶ್ರಾವಣದ ಮೊದಲ ಸೋನೆಯಲ್ಲಿ ಸೊಟ್ಟ ಸುಳಿಗಳ ನಡುವಿನಿಂದ ಒಂದೊಂದೇ ನೆಟ್ಟನೆಯ ಎಲೆ ಹೊರಟಿತು. ಕೆಳಗಿನ ಎಲೆಗಳು ಹೋದದ್ದು ಹೋದವು, ಕಿತ್ತ ಎರಡು ಸಾಲೂ ಹೋಯಿತು. ಉಳಿದ ಗಿಡ ನಿಂತಿತು. ಮಾರನೆಯ ದಿನ ಜವರಕ್ಕ ಬದುವಿನ ಮೇಲೆ ನಿಂತು ಕೂಗಿದಳು.

"ಮಾದೇವಾ! ಈ ಬದಾ ಪಕ್ಕದ್ ಎಂಟು ಸಾಲು ನಿನ್ ಗಾಡಿ ಮುಟ್ಟಂಗಿಲ್ಲ, ಯಾವ್ ವರ್ಷಾನೂ. ಅದ್ನ ನಾವೇ ಬಂದು ಕೈಲಿ ಕೀಳ್ತೀವಿ. ನಾಳಿಂದ ನೀನು, ರತ್ನ ಬ್ಯಾರನ್ಗೆ ಬನ್ನಿ. ಆಯ್ತಾ?"

ನನ್ನ ಜೀವನದಲ್ಲಿ ಚೌಕಾಸಿ ಮಾಡದೆ ಒಪ್ಪಿಕೊಂಡ ಮೊದಲ ವ್ಯವಹಾರ ಅದು.

ಆ ಶ್ರಾವಣ ನೆನಪಾದರೆ ಮನಸ್ಸು ಈಗಲೂ ಅಲ್ಲೇ ಕೂರುತ್ತದೆ. ಬ್ಯಾರನ್ನಿನ ಮುಂದಿನ ಚಪ್ಪರ, ಹೊರಗೆ ನಿಲ್ಲದ ಸೋನೆ, ಬೆನ್ನಿಗೆ ಬ್ಯಾರನ್ ಗೋಡೆಯ ಬಿಸಿ. ಎಲೆಯ ಅಂಟು ಬೆರಳಿಗೆ ಹತ್ತಿ ಕಪ್ಪಾಗುತ್ತಿತ್ತು, ಮಣ್ಣು ಹಾಕಿ ಉಜ್ಜಿದರೂ ಊಟದ ಮುದ್ದೆಗೆ ಅದರ ಕಹಿ ಬರುತ್ತಿತ್ತು. ಮೊದಲ ದಿನ ಎಲ್ಲರೂ ತಲೆ ಬಗ್ಗಿಸಿ ಎಲೆ ಕಟ್ಟಿದೆವು. ಎರಡನೇ ದಿನ ನಾನು ಕಟ್ಟಿದ ಕಡ್ಡಿಯಿಂದ ಎಲೆ ಜಾರಿ ಬಿದ್ದಾಗ ಜವರಕ್ಕ, "ಇದ್ಕೂ ಒಂದ್ ಗಾಡಿ ಮಾಡಿಸ್ಕೊಂಡ್ ಬರ್ಬೇಕಿತ್ತು ಕಣ್ಲಾ," ಎಂದಳು. ರತ್ನ, "ಮಾಡಿಸ್ತಾರೆ ಅಕ್ಕ, ಇನ್ನೂ ಆರ್ ಲೋಟ ಕೊಟ್ರೆ," ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಕಾಯುತ್ತಿದ್ದೆನೆಂದು ನಕ್ಕಮೇಲೆ ತಿಳಿಯಿತು.

ಏಳು ವರ್ಷ ಆ ಎಂಟು ಸಾಲಿಗೆ ಗಾಡಿ ಹೋಗಲಿಲ್ಲ. ಈ ವರ್ಷ ಜವರಕ್ಕ ಹೊಗೆಸೊಪ್ಪು ಬಿಟ್ಟಳು. ಬ್ಯಾರನ್ನಿನಲ್ಲಿ ಈಗ ಆಡು ಕಟ್ಟುತ್ತಾಳೆ. ಹೊಲಕ್ಕೆ ಅವಳೂ ಜೋಳವನ್ನೇ ಹಾಕಿದ್ದಾಳೆ, ಎಂಟು ಸಾಲಿಗೊಂದು ದಾರಿ ಬಿಟ್ಟು. ಯಾಕೆ ದಾರಿ ಬಿಟ್ಟಳೆಂದು ನಾನು ಕೇಳಿರಲಿಲ್ಲ.

ಮಿರ್ಲೆಯಿಂದ ಬಂದ ಮಾರನೆಯ ಬೆಳಗ್ಗೆ ಗಾಳಿ ಇರಲಿಲ್ಲ. ಗಾಡಿಗೆ ಔಷಧಿ ತುಂಬಿಕೊಂಡು ಹೊಲಕ್ಕೆ ಹೋದೆ. ಅವಳ ಹೊಲದಲ್ಲೂ ಜೋಳವೇ ಇರುವಾಗ ಇನ್ನು ಬದುವಿನವರೆಗೂ ಹೊಡೆಯಬಹುದಲ್ಲ ಎಂದುಕೊಂಡು ಆ ಕಡೆ ಬಂದರೆ, ಎಂಟು ಸಾಲಿನ ಮೊದಲನೆಯದರಲ್ಲಿ ಜವರಕ್ಕ ಆಗಲೇ ಕುಡುಗೋಲು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಳು. ಟ್ರ್ಯಾಕ್ಟರು ನಿಲ್ಲಿಸಿದೆ.

"ಅಕ್ಕಾ, ಈಗ್ಯಾಕೆ? ನಿಂದೂ ಜೋಳ ಅಲ್ವಾ?"

"ಅದ್ಕೇ. ನನ್ ಹೊಲಕ್ಕೂ ನಿನ್ ಗಾಡಿ ಬೇಕಲ್ಲ. ಬಿಟ್ಟಿ ಒಡುಸ್ಕೊಳ್ಳೋಳಾ ನಾನು?"

ಅವಳು ಮಂಡಿಗೆ ಕೈ ಊರಿ ಎದ್ದು ಗಾಡಿಯ ಹಿಂದೆ ಹೋದಳು. ಅಡ್ಡಪೈಪಿನ ಈ ತುದಿಯಿಂದ ಶುರು ಮಾಡಿ ಒಂದೊಂದು ನಾಜಲ್ಲನ್ನೂ ಕುಡುಗೋಲಿನ ಬೆನ್ನಿನಿಂದ ತಟ್ಟುತ್ತಾ ಗಟ್ಟಿಯಾಗಿ ಎಣಿಸಿದಳು. ಆರಕ್ಕೆ ನಿಂತು ನನ್ನ ಮುಖ ನೋಡಿದಳು. ಆಮೇಲೆ ಮುಂದೆ ಹೋಗಿ ಹತ್ತರವರೆಗೂ ಎಣಿಸಿದಳು. ಸೆರಗಿನ ತುದಿಯನ್ನು ಗಾಳಿಗೆ ಎತ್ತಿ ಹಿಡಿದಳು. ಅದು ನೆಟ್ಟಗೆ ಕೆಳಕ್ಕೆ ಬಿತ್ತು.

"ಇವತ್ತು ಗಾಳಿ ಇಲ್ಲ. ಮೊದ್ಲು ನಂದಕ್ಕೆ ನಡಿ," ಎಂದಳು.